ಕರಗಿದ ರೂಪಾಯಿಗಳು, ಉಳಿದ ಆಟ

ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋದ ನಮ್ಮ ಮಕ್ಕಳು ಮೊಣಕಾಲಿಗೆ ಕೆಸರು ಮೆತ್ತಿಕೊಂಡು ಬಂದು, ಸುಲಿಯದ ತೆಂಗಿನಕಾಯಿಯಂಥ ಚೆಂಡಿನ ಆಟವನ್ನು ಕಲಿಯುತ್ತೇವೆಂದರೆ ನಾವು ಹಿರಿಯರು ಗಾಬರಿಯಾಗುವುದು ಸಹಜ. ಕೈಕಾಲು ಮುರಿದರೆ ಊರಿನಲ್ಲಿರುವ ಅಜ್ಜಿಗೆ ಏನು ಹೇಳೋಣ? ಆದರೆ ರಗ್ಬಿಗೂ ನಾವು ಅನ್ನ ಕಂಡುಕೊಂಡ ಈ ನಗರಕ್ಕೂ ಇರುವ ನಂಟು ಹಳೆಯದು. ಪರಸ್ಥಳದಲ್ಲಿ ಸಂಘ ಕಟ್ಟಿಕೊಂಡ ನಾವು ಆ ಕಥೆಯನ್ನು ಕೇಳತಕ್ಕದ್ದೇ.

1872ರ ಕ್ರಿಸ್‌ಮಸ್ ದಿನ ಕಲಕತ್ತೆಯಲ್ಲಿ ಇಂಗ್ಲೆಂಡಿನವರು ಒಂದು ಪಕ್ಷವಾಗಿಯೂ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್‌ಗಳವರು ಕೂಡಿ ಇನ್ನೊಂದು ಪಕ್ಷವಾಗಿಯೂ ಈ ಆಟವನ್ನಾಡಿದರು. ಪಕ್ಷಕ್ಕೆ 20 ಜನ. ಊರು ಬಿಟ್ಟು ಬಂದವರಿಗೆ ಹಬ್ಬದ ದಿನವೇ ಊರಿನ ನೆನಪು ಹೆಚ್ಚು ಕಾಡುತ್ತದೆಂಬುದು ನಮಗೇನು ಹೊಸತೇ? 1873ರ ಜನವರಿಯಲ್ಲಿ ಕಲಕತ್ತಾ ಫುಟ್‌ಬಾಲ್ ಕ್ಲಬ್ಬು ಹುಟ್ಟಿತು. ಮರುವರ್ಷವೇ ಅದು ಇಂಗ್ಲೆಂಡಿನ ರಗ್ಬಿ ಯೂನಿಯನ್ನನ್ನು ಸೇರಿತು.

ಆದರೆ ಸೆಕೆ ಯಾರನ್ನೂ ಬಿಡುವುದಿಲ್ಲ. ಆಟಗಾರರನ್ನು ಒದಗಿಸುತ್ತಿದ್ದ ಸೈನ್ಯದ ದಳವು ಬೇರೆಡೆಗೆ ಹೋಯಿತು. ಪೋಲೋ, ಟೆನಿಸ್‌ಗಳ ಮೋಹ ಬೆಳೆಯಿತು. ಕ್ಲಬ್ಬಿನಲ್ಲಿ ಬಿಟ್ಟಿ ಮದ್ಯ ನಿಂತಿತು, ಸದಸ್ಯರೂ ಕರಗಿದರು. (ಆಟಕ್ಕಿಂತ ಉಪಚಾರಕ್ಕೆ ಬರುವ ಸದಸ್ಯರು ಎಲ್ಲ ಸಂಘಗಳಲ್ಲಿಯೂ ಉಂಟು!) ಕೊನೆಗೆ ಬ್ಯಾಂಕಿನಲ್ಲಿದ್ದ ಹಣವನ್ನೇನು ಮಾಡುವುದು? ಕುಡಿದು ತೀರಿಸಬಹುದಿತ್ತು. ಕಾರ್ಯದರ್ಶಿಯೂ ಖಜಾಂಚಿಯೂ ಆಗಿದ್ದ ರಾಥ್ನಿ ಎಂಬಾತ ಬೇರೆ ದಾರಿ ಸೂಚಿಸಿದ. 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಇಲ್ಲಿಯ ಕೈಗೆಲಸದ ಒಂದು ಬಟ್ಟಲನ್ನು ಮಾಡಿಸಿದರು: ಮೂರು ಹಿಡಿಗಳು ನಾಗರಹಾವುಗಳು, ಮುಚ್ಚಳದ ಮೇಲೊಂದು ಆನೆ. 1878ರಲ್ಲಿ ಅದನ್ನು ಯೂನಿಯನ್ನಿಗೆ ಒಪ್ಪಿಸಿದರು. 1879ರ ಮಾರ್ಚ್ 10ರಂದು ಎಡಿನ್‌ಬರೋದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳು ಅದಕ್ಕಾಗಿ ಮೊದಲು ಸೆಣಸಿದವು; ಪಂದ್ಯ ಸಮವಾಯಿತು. ಇಂದಿಗೂ ಅವೆರಡು ದೇಶಗಳು ಆಡುವುದು ಈ ‘ಕಲಕತ್ತಾ ಕಪ್’ಗಾಗಿಯೇ. ಬೆಳ್ಳಿಯೂ ಇಲ್ಲಿಯದು, ಹೆಸರೂ ಇಲ್ಲಿಯದು, ಬಟ್ಟಲು ಮಾತ್ರ ಕಡಲಾಚೆ. ಇದು ನಮಗೆ ಸ್ವಲ್ಪ ಚುಚ್ಚುತ್ತದೆ. ಆದರೂ ಮುಚ್ಚುವ ಸಂಘದ ಹಣಕ್ಕೆ ಇಷ್ಟು ಚೆನ್ನಾದ ಲೆಕ್ಕ ಒಪ್ಪಿಸಿದವರು ಅಪೂರ್ವವೆಂದು ಒಪ್ಪಲೇಬೇಕು.

ಇಲ್ಲಿ ಆಟ ಸಾಯಲಿಲ್ಲ. 1884ರಲ್ಲಿ ಮತ್ತೆ ಕ್ಲಬ್ಬು ತಲೆಯೆತ್ತಿತು. ಅಂದು ದೊರೆಗಳ ವಿನೋದವಾಗಿದ್ದುದು ಇಂದು ಮೈದಾನದ ಬಡ ಹುಡುಗರದ್ದೂ ಆಗಿದೆ. 2004ರಲ್ಲಿ ಹುಟ್ಟಿದ ‘ಜಂಗಲ್ ಕ್ರೋಸ್’ ತಂಡವೇ ಇದಕ್ಕೆ ಸಾಕ್ಷಿ.

ಹೊಸಬರು ತಿಳಿಯಬೇಕಾದದ್ದು ಅಷ್ಟೇನೂ ಕಷ್ಟವಲ್ಲ. ಚೆಂಡನ್ನು ಹಿಡಿದುಕೊಂಡು ಮುಂದಕ್ಕೆ ಓಡಬಹುದು, ಒದೆಯಬಹುದು. ಕೈಯಿಂದ ಮಾತ್ರ ಮುಂದಕ್ಕೆ ಎಸೆಯಕೂಡದು. ಚೆಂಡು ಯಾರ ಕೈಯಲ್ಲಿದೆಯೋ ಅವರನ್ನೇ ಹಿಡಿದು ಕೆಡವಬೇಕು, ಅದೂ ಭುಜದ ಕೆಳಗೆ. ಕಬಡ್ಡಿಯಾಡಿದ ನಮ್ಮವರಿಗೆ ಕಾಲು ಹಿಡಿಯುವುದನ್ನು ಹೇಳಿಕೊಡಬೇಕೇ! ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ‘ಟ್ರೈ’, ಈಗ ಅದಕ್ಕೆ 5 ಅಂಕ. ಮೊದಮೊದಲು ಅದಕ್ಕೆ ಅಂಕವೇ ಇರಲಿಲ್ಲ. ಗೋಲಿಗೆ ಒದೆಯಲು ‘ಪ್ರಯತ್ನ’ದ ಅವಕಾಶ ಮಾತ್ರ ಸಿಗುತ್ತಿತ್ತು, ಹೆಸರು ಬಂದದ್ದು ಹಾಗೆ. ಚಿಕ್ಕವರು ಕೆಡವುವ ಬದಲು ಮುಟ್ಟಿ ನಿಲ್ಲಿಸುವ ಆಟದಿಂದ ಆರಂಭಿಸುವುದು ಕ್ಷೇಮ. ಮುಂದೆ ಹಲ್ಲಿಗೆ ಕವಚವಿರಲಿ.

ಇನ್ನು ಹೆಣ್ಣುಮಕ್ಕಳ ಮಾತು. 2019ರಲ್ಲಿ ಮನಿಲಾದಲ್ಲಿ ಭಾರತದ ಮಹಿಳೆಯರು ಸಿಂಗಾಪುರವನ್ನು 21-19ರಿಂದ ಸೋಲಿಸಿ, ಮಹಿಳೆಯರ 15 ಜನರ ಆಟದಲ್ಲಿ ದೇಶಕ್ಕೆ ಮೊದಲ ಗೆಲುವು ತಂದರು. ಈ ಸುದ್ದಿಯನ್ನು ಮಗಳೇ ಮನೆಯಲ್ಲಿ ಹೇಳಿದಳು. ಅಣ್ಣನ ಜೊತೆ ತಾನೂ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಬರುವ ಭಾನುವಾರ ನಾವೇ ಇಬ್ಬರನ್ನೂ ಕರೆದುಕೊಂಡು ಹೋಗುವುದೆಂದಾಗಿದೆ. ಅಜ್ಜಿಗೆ ಇನ್ನೂ ತಿಳಿಸಿಲ್ಲ.