‘ನಿಮ್ಮ ಡೇಟಾ ಮುಗಿಯುತ್ತಿದೆ’: ಕಂಪನಿಯ ಸುದ್ದಿ ನಮ್ಮ ತನಕ ಬಂದ ದಾರಿ

ಮೊಬೈಲು ಟಿಣ್ ಎನ್ನುತ್ತದೆ. ಇವತ್ತಿನ ಡೇಟಾದಲ್ಲಿ ಶೇ. 90ರಷ್ಟು ಮುಗಿದಿದೆ ಎಂಬ ಮೆಸೇಜು. ಬೆರಳಲ್ಲಿ ಪಕ್ಕಕ್ಕೆ ಸರಿಸಿ ವಿಡಿಯೊ ನೋಡುವುದನ್ನು ಮುಂದುವರಿಸುತ್ತೇವೆ. ಒಂದೇ ಸಾಲಿನ ಸುದ್ದಿ. ಆದರೆ ಇಂಥ ಸುದ್ದಿಯನ್ನು ಗ್ರಾಹಕರಿಗೆ ಮುಟ್ಟಿಸುವುದು ಹೇಗೆ ಎಂದು ಇಂಟರ್‌ನೆಟ್ ಕಂಪನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿವೆ. ನಾವು ಓದುವ ಪುಟದೊಳಕ್ಕೇ ಕೈ ಹಾಕಿವೆ. ಅದನ್ನು ಬಯಲಿಗೆ ತಂದ ಬೆಂಗಳೂರಿನವರೊಬ್ಬರಿಗೆ ವಕೀಲರ ನೋಟಿಸೂ ಹೋಗಿದೆ. ಆ ಕಥೆ ಗೊತ್ತಿದ್ದರೆ, ಇವತ್ತು ಬರುವ ಮೆಸೇಜುಗಳಲ್ಲಿ ಯಾವುದನ್ನು ನಂಬಬೇಕು ಎಂಬುದೂ ಸ್ವಲ್ಪ ತಿಳಿಯುತ್ತದೆ.

ಯಾರೂ ತೆರೆಯದ ಪೆಟ್ಟಿಗೆ

ಮೊದಲು ಇದ್ದ ದಾರಿ ಇ–ಮೇಲ್. ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡುತ್ತಿದ್ದ ಕಂಪನಿಗಳು ಕನೆಕ್ಷನ್ ಜೊತೆಗೆ ತಮ್ಮದೇ ಹೆಸರಿನ ಒಂದು ಇ–ಮೇಲ್ ವಿಳಾಸವನ್ನೂ ಕೊಡುತ್ತಿದ್ದವು. ಬಿಲ್ಲು, ಎಚ್ಚರಿಕೆ, ದರ ಬದಲಾವಣೆ ಎಲ್ಲವೂ ಅಲ್ಲಿಗೇ. ಆದರೆ ಜನ ಯಾಹೂ, ಹಾಟ್‌ಮೇಲ್, ಜಿಮೇಲ್‌ಗಳನ್ನು ಹಿಡಿದರು. ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ ಕಾಗದಗಳು ತುಂಬುತ್ತಲೇ ಹೋದವು, ತೆರೆಯುವವರಿಲ್ಲ.

ಅಂಚೆಯಲ್ಲಿ ಕಳಿಸೋಣವೆಂದರೆ ಖರ್ಚು ಹೆಚ್ಚು, ತಲುಪಲು ದಿನಗಳು ಬೇಕು. ಫೋನ್ ಮಾಡೋಣವೆಂದರೆ ಲಕ್ಷಾಂತರ ಜನರಿಗೆ ಮಾಡುವವರು ಯಾರು? ಮಾಡಿದರೂ, ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ’ ಎಂದು ಗುರುತಿಲ್ಲದವರು ಹೇಳಿದರೆ ನಂಬುವವರು ಯಾರು? ಇನ್ನೊಂದು ತೊಡಕೂ ಇತ್ತು. ಕನೆಕ್ಷನ್ ಅಪ್ಪನ ಹೆಸರಿನಲ್ಲಿ, ವೈರಸ್ ಮಗನ ಕಂಪ್ಯೂಟರಿನಲ್ಲಿ. ಸುದ್ದಿ ಹೋಗಬೇಕಾದದ್ದು ಯಾರಿಗೆ?

ಪುಟದ ಮೇಲೊಂದು ಪಟ್ಟಿ

ಜನ ದಿನವೂ ನೋಡುವ ಜಾಗ ಒಂದೇ, ಅವರು ತೆರೆಯುವ ವೆಬ್ ಪುಟ. ಸುದ್ದಿಯನ್ನು ಅಲ್ಲೇ ಅಂಟಿಸಿದರೆ?

2007ರ ಡಿಸೆಂಬರ್‌ನಲ್ಲಿ ಕೆನಡಾದ ರಾಜರ್ಸ್ ಕಂಪನಿ ಇದನ್ನು ಪ್ರಯೋಗ ಮಾಡಿತು. ತಿಂಗಳ ಡೇಟಾದಲ್ಲಿ ಶೇ. 75 ಮುಟ್ಟಿದ ಗ್ರಾಹಕರು ಗೂಗಲ್ ತೆರೆದರೆ, ಗೂಗಲ್ ಪುಟದ ನೆತ್ತಿಯ ಮೇಲೆ ರಾಜರ್ಸ್‌ನ ಎಚ್ಚರಿಕೆ ಕಾಣುತ್ತಿತ್ತು. ಗೂಗಲ್ ಅದನ್ನು ಬರೆದಿರಲಿಲ್ಲ. ಪುಟ ದಾರಿಯಲ್ಲಿ ಬರುವಾಗ ಕಂಪನಿ ಸೇರಿಸಿತ್ತು. ಅಂಚೆಯವನು ನಮ್ಮ ಕಾಗದ ಒಡೆದು, ಮೇಲ್ಗಡೆ ತನ್ನದೂ ಎರಡು ಸಾಲು ಬರೆದು ಕೊಟ್ಟಂತೆ. ಸುದ್ದಿ ಒಳ್ಳೆಯದೇ ಇರಬಹುದು. ಆದರೆ ಇವತ್ತು ಎರಡು ಸಾಲು ಬರೆದವನು ನಾಳೆ ಏನು ಬರೆಯುತ್ತಾನೆ ಎಂಬ ಪ್ರಶ್ನೆ ಆಗಲೇ ಎದ್ದಿತು.

ಅಮೆರಿಕದ ಕಾಮ್‌ಕಾಸ್ಟ್ ಕಂಪನಿ 2009ರಲ್ಲಿ ಡೆನ್ವರ್ ನಗರದಲ್ಲಿ ಇದೇ ದಾರಿ ಹಿಡಿಯಿತು. ಅದರ ಗುರಿ ಡೇಟಾ ಅಲ್ಲ, ವೈರಸ್. ಕಳ್ಳರ ಕೈಗೆ ಸಿಕ್ಕ ಕಂಪ್ಯೂಟರುಗಳು ಮಾಲೀಕರಿಗೆ ಗೊತ್ತಿಲ್ಲದೆ ಬೇರೆಯವರಿಗೆ ಕಸದ ಮೇಲ್ ಕಳಿಸುತ್ತಿದ್ದವು. ಅಂಥವರಿಗೆ ಪುಟದ ಮೇಲೆ ಎಚ್ಚರಿಕೆಯ ಪಟ್ಟಿ ತೋರಿಸಿದರು. ಈ ಏರ್ಪಾಡು ಹೇಗೆ ಕೆಲಸ ಮಾಡುತ್ತದೆ ಎಂದು ಅದರ ಎಂಜಿನಿಯರುಗಳು 2011ರ ಫೆಬ್ರುವರಿಯಲ್ಲಿ ಎಲ್ಲರೂ ಓದುವಂತೆ ಪ್ರಕಟಿಸಿದರು. ಇಂಟರ್‌ನೆಟ್ ಎಂಜಿನಿಯರುಗಳ ಬರಹಗಳ ಸಾಲಿನಲ್ಲಿ ಅದರ ಸಂಖ್ಯೆ ಆರ್‌ಎಫ್‌ಸಿ 6108.

ಅದರಲ್ಲಿ ಹೇಳಿದ್ದು ಇಷ್ಟು: ಸುದ್ದಿ ಮುಟ್ಟಿಸಬೇಕಾದ ಗ್ರಾಹಕರ ವೆಬ್ ಸಂಚಾರವನ್ನು ಮಾತ್ರ ನಡುವೆ ಒಂದು ಸರ್ವರ್‌ಗೆ ತಿರುಗಿಸುವುದು. ಅದು ಪುಟಕ್ಕೆ ಒಂದು ತುಣುಕು ಕೋಡ್ ಸೇರಿಸುತ್ತದೆ, ಪುಟದ ಮೇಲೆ ಪಟ್ಟಿ ತೇಲುತ್ತದೆ. ಗ್ರಾಹಕರು ‘ನೋಡಿದೆ’ ಎಂದು ಒತ್ತಿದರೆ ಹೋಗುತ್ತದೆ. ಯಾವ ಕಾರಣಕ್ಕೂ ಜಾಹೀರಾತು ತುರುಕಬಾರದು ಎಂದೂ ಅದರಲ್ಲೇ ಬರೆದಿದ್ದರು. ಹಾಗೆ ಬರೆಯಬೇಕಾಗಿ ಬಂತು ಎಂಬುದೇ ಆ ದಾರಿಯ ಅಪಾಯವನ್ನು ಹೇಳುತ್ತದೆ.

ಎಂಟು ತಿಂಗಳು ಸಾರಿದರೂ

ಸುದ್ದಿ ಮುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ 2012 ಒಂದು ಪಾಠ. ಡಿಎನ್‌ಎಸ್ ಚೇಂಜರ್ ಎಂಬ ವೈರಸ್ 100ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರುಗಳಿಗೆ ತಗುಲಿತ್ತು. ನಾವು ವೆಬ್‌ಸೈಟಿನ ಹೆಸರು ಬರೆದರೆ ಅದು ಎಲ್ಲಿದೆ ಎಂದು ಹೇಳುವ ಸರ್ವರ್ ಒಂದಿರುತ್ತದೆ. ಈ ವೈರಸ್ ಆ ಕೆಲಸವನ್ನು ಕಳ್ಳರ ಸರ್ವರ್‌ಗೆ ಒಪ್ಪಿಸುತ್ತಿತ್ತು. 2011ರ ನವೆಂಬರ್‌ನಲ್ಲಿ ಕಳ್ಳರು ಸಿಕ್ಕಿಬಿದ್ದರು. ಆದರೆ ಅವರ ಸರ್ವರ್ ನಿಲ್ಲಿಸಿದರೆ ಇಷ್ಟೂ ಜನರ ಇಂಟರ್‌ನೆಟ್ ನಿಲ್ಲುತ್ತಿತ್ತು. ಕೋರ್ಟಿನ ಅಪ್ಪಣೆ ಪಡೆದು ಅದೇ ಜಾಗದಲ್ಲಿ ಒಳ್ಳೆಯ ಸರ್ವರ್ ಇಟ್ಟು, 2012ರ ಜುಲೈ 9ರವರೆಗೆ ಗಡುವು ಕೊಟ್ಟರು.

ಎಂಟು ತಿಂಗಳು ಇಂಟರ್‌ನೆಟ್ ಕಂಪನಿಗಳು ಗ್ರಾಹಕರಿಗೆ ಹೇಳಿದವು. ಗೂಗಲ್ ತನ್ನ ಪುಟದಲ್ಲೇ ಎಚ್ಚರಿಕೆ ತೋರಿಸಿತು. ಪತ್ರಿಕೆಗಳು ಬರೆದವು. ಆದರೂ ಕೊನೆಯ ದಿನಕ್ಕೆ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸರಿಯಾಗದೆ ಉಳಿದಿದ್ದವು. ಸುದ್ದಿ ಕಳಿಸುವುದು ಬೇರೆ, ಮುಟ್ಟುವುದು ಬೇರೆ.

ಬೆಂಗಳೂರಿನಲ್ಲಿ ಸಿಕ್ಕ ಕೋಡ್

ಈ ಕಥೆ 2015ರ ಜೂನ್‌ನಲ್ಲಿ ನಮ್ಮ ರಾಜ್ಯಕ್ಕೂ ಬಂತು. ಬೆಂಗಳೂರಿನ ತಂತ್ರಜ್ಞರೊಬ್ಬರು ಏರ್‌ಟೆಲ್ 3ಜಿಯಲ್ಲಿ ತಮ್ಮದೇ ವೆಬ್‌ಸೈಟ್ ತೆರೆದು ನೋಡಿದರೆ, ತಾವು ಬರೆಯದ ಕೋಡ್ ಪುಟದೊಳಗೆ ಕೂತಿತ್ತು. ಅದರ ಪುರಾವೆಯನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರು.

ಸ್ವಲ್ಪ ದಿನಕ್ಕೇ ಅವರಿಗೆ ವಕೀಲರ ನೋಟಿಸ್ ಬಂತು. ಕಳಿಸಿದ್ದು ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಕಂಪನಿ. ಕೋಡ್ ತನ್ನ ಸ್ವತ್ತು, ಅದನ್ನು ಪ್ರಕಟಿಸಿದ್ದೇ ತಪ್ಪು ಎಂಬುದು ಅದರ ವಾದ. ಕೇಳದೆ ಮನೆಯೊಳಗೆ ಬಂದವನೇ ‘ನನ್ನ ಫೋಟೊ ಯಾಕೆ ತೆಗೆದೆ’ ಎಂದು ಗದರಿಸಿದಂತೆ. ಗಿಟ್‌ಹಬ್ ಆ ಪುರಾವೆಯನ್ನು ತೆಗೆದುಹಾಕಿತು. ಆದರೆ ಅಷ್ಟರಲ್ಲಿ ಸುದ್ದಿ ದೇಶವೆಲ್ಲ ಹರಡಿತ್ತು.

ನೋಟಿಸಿಗೂ ತನಗೂ ಸಂಬಂಧವಿಲ್ಲ ಎಂದು ಏರ್‌ಟೆಲ್ ಹೇಳಿತು. ಕೋಡ್ ಬಗ್ಗೆ ಅದು ಕೊಟ್ಟ ವಿವರಣೆಯೇ ನಮ್ಮ ವಿಷಯ: ಗ್ರಾಹಕರು ಎಷ್ಟು ಡೇಟಾ ಬಳಸಿದ್ದಾರೆ ಎಂದು ಅವರಿಗೆ ತಿಳಿಸಲು ಮಾಡಿದ ಪ್ರಯೋಗವಂತೆ. ಅಂದರೆ ಅದೇ ‘ಡೇಟಾ ಮುಗಿಯುತ್ತಿದೆ’ ಎಂಬ ಸುದ್ದಿಗಾಗಿ. ಉದ್ದೇಶ ಅದೇ ಇದ್ದಿರಬಹುದು. ಆದರೆ ಗ್ರಾಹಕರನ್ನು ಕೇಳಿರಲಿಲ್ಲ, ಹೇಳಿಯೂ ಇರಲಿಲ್ಲ.

ಲಕೋಟೆಗೆ ಬೀಗ

ಈ ದಾರಿ ಮುಚ್ಚಿದ್ದು ತಂತ್ರಜ್ಞಾನದಿಂದ. ವೆಬ್ ವಿಳಾಸದ ಮೊದಲಲ್ಲಿ ‘ಎಚ್‌ಟಿಟಿಪಿಎಸ್’ ಇದ್ದರೆ, ಪುಟ ಬೀಗ ಹಾಕಿದ ಲಕೋಟೆಯಲ್ಲಿ ಬರುತ್ತದೆ. ನಡುವೆ ಇರುವ ಕಂಪನಿಗೆ ಒಳಗಿನದನ್ನು ಓದಲೂ ಆಗದು, ಸೇರಿಸಲೂ ಆಗದು. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಈ ಬೀಗವನ್ನು ಎಲ್ಲ ವೆಬ್‌ಸೈಟ್‌ಗಳಿಗೂ ಪುಕ್ಕಟೆಯಾಗಿ ಕೊಡತೊಡಗಿತು. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಬೀಗವಿಲ್ಲದ ಪುಟಗಳಿಗೆಲ್ಲ ‘ಸುರಕ್ಷಿತವಲ್ಲ’ ಎಂದು ಹಣೆಪಟ್ಟಿ ಹಚ್ಚಿತು. ಪುಟದ ಮೇಲೆ ಪಟ್ಟಿ ಅಂಟಿಸುವ ಕಾಲ ಬಹುಮಟ್ಟಿಗೆ ಮುಗಿಯಿತು.

ಉಳಿದದ್ದು ಎಸ್ಎಂಎಸ್. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊದಲ ಎಸ್ಎಂಎಸ್ ಹೋಯಿತು. ಇದಕ್ಕೆ ಡೇಟಾ ಬೇಡ, ಸ್ಮಾರ್ಟ್‌ಫೋನೂ ಬೇಡ. ಫೋನ್ ಆಫ್ ಆಗಿದ್ದರೆ ಕಂಪನಿಯ ಕೇಂದ್ರದಲ್ಲಿ ಕಾದಿದ್ದು, ಆನ್ ಆದಾಗ ಬರುತ್ತದೆ. ನಮ್ಮಲ್ಲಿ ಟ್ರಾಯ್ ಕೂಡ ನಿಯಮ ಬಿಗಿ ಮಾಡಿತು. ಗ್ರಾಹಕರ ಒಪ್ಪಿಗೆ ಇಲ್ಲದೆ ಡೇಟಾ ಶುರು ಮಾಡುವಂತಿಲ್ಲ ಎಂದು 2015ರಲ್ಲಿ ಹೇಳಿ, ಡೇಟಾ ಶುರು ಮಾಡಲು, ನಿಲ್ಲಿಸಲು 1925 ಎಂಬ ಉಚಿತ ಸಂಖ್ಯೆ ಕೊಟ್ಟಿತು. ಮನೆಯ ಬ್ರಾಡ್‌ಬ್ಯಾಂಡ್ ಬಳಕೆ ಶೇ. 50, 90, 100 ಮುಟ್ಟಿದಾಗ ತಿಳಿಸಲೇಬೇಕು ಎಂದು 2016ರಲ್ಲಿ ಆದೇಶಿಸಿತು.

ಕನ್ನಡದ ಮಟ್ಟಿಗೆ ಇಲ್ಲೊಂದು ಇಕ್ಕಟ್ಟು. ಒಂದು ಎಸ್ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತದೆ, ಕನ್ನಡವಾದರೆ 70 ಮಾತ್ರ. ಅದರಲ್ಲೂ ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಕ್ಷೇಮ’ ನಮಗೆ ಎರಡಕ್ಷರ, ಎಸ್ಎಂಎಸ್‌ಗೆ ಐದು. ಇಂಗ್ಲಿಷಿನಲ್ಲಿ ಒಂದೇ ಮೆಸೇಜಿಗೆ ಮುಗಿಯುವ ಸುದ್ದಿಗೆ ಕನ್ನಡದಲ್ಲಿ ಎರಡು ಮೂರು ಬೇಕು. ಆದರೂ ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕು.

ಅದೇ ಬಾಗಿಲಲ್ಲಿ ಕಳ್ಳರು

ಎಲ್ಲರೂ ನಂಬುವ ಬಾಗಿಲು ಯಾವುದೋ, ಕಳ್ಳರು ಬರುವುದೂ ಅಲ್ಲಿಂದಲೇ. ‘ಕೆವೈಸಿ ಮುಗಿದಿದೆ, ಇವತ್ತೇ ಸಿಮ್ ಬಂದ್ ಆಗುತ್ತದೆ, ಈ ಲಿಂಕ್ ಒತ್ತಿ’ ಎಂಬ ಮೆಸೇಜು ಕಂಪನಿಯ ಮೆಸೇಜಿನಂತೆಯೇ ಇರುತ್ತದೆ. ಅದಕ್ಕೇ ಟ್ರಾಯ್ 2018ರ ನಿಯಮದಲ್ಲಿ, ವ್ಯಾಪಾರಕ್ಕಾಗಿ ಮೆಸೇಜು ಕಳಿಸುವವರು ತಮ್ಮ ಹೆಸರನ್ನು ನೋಂದಾಯಿಸಲೇಬೇಕು ಎಂದಿತು. 2024ರ ಅಕ್ಟೋಬರ್‌ನಿಂದ ನೋಂದಾಯಿಸದ ಲಿಂಕ್ ಇರುವ ಇಂಥ ಮೆಸೇಜುಗಳನ್ನು ತಡೆಯಲು ಹೇಳಿತು. 2025ರಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಕಡ್ಡಾಯವಾಯಿತು: ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಸೇವೆಯ ಸುದ್ದಿ, ‘ಟಿ’ ವ್ಯವಹಾರದ್ದು, ‘ಜಿ’ ಸರ್ಕಾರದ್ದು.

ಹೀಗಾಗಿ ಮೆಸೇಜು ಬಂದಾಗ ಒಳಗಿನ ಮಾತಿಗಿಂತ ಮೊದಲು ಬಂದ ದಾರಿ ನೋಡೋಣ. ಹತ್ತಂಕಿಯ ಮೊಬೈಲ್ ನಂಬರಿನಿಂದ ‘ಸಿಮ್ ಬಂದ್’ ಎಂದು ಬಂದರೆ ನಂಬುವುದು ಬೇಡ. ಅನುಮಾನವಿದ್ದರೆ ಲಿಂಕ್ ಒತ್ತದೆ, ನಾವೇ 198ಕ್ಕೆ ಕರೆ ಮಾಡಿ ಕಂಪನಿಯನ್ನು ಕೇಳೋಣ. ಅನುಮಾನದ ಮೆಸೇಜನ್ನು ಸಂಚಾರ್ ಸಾಥಿಯ ‘ಚಕ್ಷು’ ವಿಭಾಗದಲ್ಲಿ ದೂರಬಹುದು. ದುಡ್ಡು ಹೋಗಿಯೇ ಬಿಟ್ಟಿದ್ದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಮನೆಯಲ್ಲಿ ಇಂಗ್ಲಿಷ್ ಓದಲು ಬಾರದ ಹಿರಿಯರಿದ್ದರೆ ಈ ಮೂರು ನಂಬರುಗಳನ್ನು, 198, 1925, 1930, ಇವತ್ತೇ ಅವರ ಫೋನಿನಲ್ಲಿ ಕನ್ನಡದಲ್ಲಿ ಹೆಸರು ಹಾಕಿ ಸೇವ್ ಮಾಡಿಕೊಡಿ.