ತುಮಕೂರಿನ ಹಳ್ಳಿಗಳು ಕಲಿಸಿದ ಕ್ಷಯದ ಪಾಠ

ಆಯುರ್ವೇದದ ಗ್ರಂಥಗಳಲ್ಲಿ ಕ್ಷಯಕ್ಕೆ ‘ರಾಜಯಕ್ಷ್ಮ’ ಎಂಬ ಹೆಸರಿದೆ. ಹೆಸರಿನಲ್ಲಿ ರಾಜನಿದ್ದಾನೆ, ರೋಗ ಮಾತ್ರ ಹೆಚ್ಚಾಗಿ ಹುಡುಕಿಕೊಂಡು ಹೋಗುವುದು ಕೂಲಿಕಾರನ ಗುಡಿಸಲನ್ನು. ಅರಮನೆಗೂ ಅದು ಹೊಕ್ಕಿದ್ದುಂಟು. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಇದೇ ಕಾಯಿಲೆಗೆ ಬಲಿಯಾದರು. ಅವರ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನಲ್ಲಿ ಕಟ್ಟಿಸಿದ ಕ್ಷಯರೋಗ ಆಸ್ಪತ್ರೆ ಇಂದಿಗೂ ಅವರ ಹೆಸರಿನಲ್ಲಿದೆ. ಆ ಕಾಲದಲ್ಲಿ ಕ್ಷಯಕ್ಕೆ ಗೊತ್ತಿದ್ದ ಉಪಾಯವೆಂದರೆ ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ. ಈ ನಾಲ್ಕೂ ದಿನಗೂಲಿಯವನ ಕೈಗೆ ಎಟುಕುವಂಥವಲ್ಲ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ದೇಶದ ಸ್ಥಿತಿ ಹೇಗಿತ್ತೆಂಬುದನ್ನು 1946ರ ಭೋರ್ ಸಮಿತಿಯ ವರದಿ ದಾಖಲಿಸಿದೆ. ಅದರ ಅಂದಾಜಿನಂತೆ ಸೋಂಕು ಹರಡಬಲ್ಲ ರೋಗಿಗಳು ಸುಮಾರು 25 ಲಕ್ಷ, ವರ್ಷಕ್ಕೆ ಸಾಯುವವರು 5 ಲಕ್ಷ. ಇಡೀ ದೇಶದಲ್ಲಿ ಇವರಿಗಿದ್ದ ಹಾಸಿಗೆಗಳು ಸುಮಾರು 6 ಸಾವಿರ. ಸ್ಯಾನಿಟೋರಿಯಂ ಕಟ್ಟುತ್ತಾ ಹೋದರೆ ಈ ಲೆಕ್ಕ ಎಂದಿಗೂ ಮುಗಿಯುವಂತಿರಲಿಲ್ಲ.

ಮೊದಲ ದಾರಿ ತೆರೆದದ್ದು ಮದರಾಸಿನಲ್ಲಿ. ಅಲ್ಲಿ 1956ರಲ್ಲಿ ಆರಂಭವಾದ ಕೇಂದ್ರವೊಂದು ಬಡ ಬಡಾವಣೆಗಳ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿತು. ಒಂದು ಪಂಗಡ ಸ್ಯಾನಿಟೋರಿಯಂಗೆ, ಇನ್ನೊಂದು ತಮ್ಮ ಮನೆಗೇ. ಎರಡಕ್ಕೂ ಒಂದು ವರ್ಷ ಅದೇ ಔಷಧಿ. ಸ್ಯಾನಿಟೋರಿಯಂನವರಿಗೆ ಊಟ ಚೆನ್ನಾಗಿತ್ತು, ವಿಶ್ರಾಂತಿ ಇತ್ತು. ಮನೆಯಲ್ಲಿದ್ದವರು ಇಕ್ಕಟ್ಟಿನ ಕೋಣೆಯಲ್ಲೇ ಉಳಿದರು, ಕೆಲವರು ದುಡಿಯುತ್ತಲೂ ಇದ್ದರು. ವರ್ಷದ ಕೊನೆಗೆ ಸ್ಯಾನಿಟೋರಿಯಂನಲ್ಲಿ ಶೇ 92, ಮನೆಯಲ್ಲಿ ಶೇ 86 ಮಂದಿ ಗುಣಮುಖರಾಗಿದ್ದರು. ಮನೆಮಂದಿಗೆ ಸೋಂಕು ಹೆಚ್ಚಾಗಿ ತಗುಲಿದ ಲಕ್ಷಣವೂ ಕಾಣಲಿಲ್ಲ. 1959ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಜಗತ್ತಿನಾದ್ಯಂತ ಸ್ಯಾನಿಟೋರಿಯಂಗಳ ಕಾಲ ಮುಗಿಯುತ್ತಾ ಬಂತು.

ಔಷಧಿಯ ಪ್ರಶ್ನೆ ಹೀಗೆ ಬಗೆಹರಿಯಿತು. ಉಳಿದದ್ದು ರೋಗಿಯನ್ನು ಹುಡುಕುವ ಪ್ರಶ್ನೆ. ಆ ಹುಡುಕಾಟದ ಕಥೆ ನಡೆದದ್ದು ತುಮಕೂರು ಜಿಲ್ಲೆಯಲ್ಲಿ.

ಕೆಮ್ಮು ಯಾರಿಗೆ ಗೊತ್ತು?

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ದೇಶಕ್ಕೆ ಒಪ್ಪುವ, ದೇಶದ ಬೊಕ್ಕಸಕ್ಕೆ ಎಟುಕುವ ಒಂದು ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪಿಸುವುದು ಅದಕ್ಕೆ ವಹಿಸಿದ ಕೆಲಸ. ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರಜ್ಞರು, ಸಮಾಜಶಾಸ್ತ್ರ ಬಲ್ಲವರು ಒಂದೇ ಸೂರಿನಡಿ ಕುಳಿತದ್ದು ಆ ಕಾಲಕ್ಕೆ ಹೊಸದು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಲ್ಲಿ ದುಡಿದವರಲ್ಲಿ ಡೆನ್ಮಾರ್ಕಿನ ವೈದ್ಯ ಹಾಫ್‌ಡಾನ್ ಮಾಹ್ಲರ್ ಒಬ್ಬರು. ಮುಂದೆ ಇವರೇ ಆ ಸಂಸ್ಥೆಯ ಮಹಾನಿರ್ದೇಶಕರಾಗಿ, 1978ರ ಆಲ್ಮಾ ಆಟಾ ಸಮ್ಮೇಳನದಲ್ಲಿ ‘ಎಲ್ಲರಿಗೂ ಆರೋಗ್ಯ’ ಎಂಬ ಮಾತಿಗೆ ಬಲ ತುಂಬಿದರು.

ಸಂಸ್ಥೆ ಮೊದಲು ಆಯ್ದುಕೊಂಡ ಕ್ಷೇತ್ರ ತುಮಕೂರು. ಹತ್ತು ತಾಲ್ಲೂಕು, 1961ರ ಜನಗಣತಿಯಂತೆ 13 ಲಕ್ಷಕ್ಕೂ ಹೆಚ್ಚು ಜನ. ರಾಗಿ, ತೆಂಗು, ಕೆರೆಯ ನೀರು ನಂಬಿದ ಬದುಕು. ತುಮಕೂರು ಪಟ್ಟಣದಿಂದ ಹತ್ತು ಹನ್ನೆರಡು ಮೈಲಿಗೆ ಗುಬ್ಬಿ, ಇಪ್ಪತ್ತು ಮೈಲಿ ದಾಟಿದರೆ ಕುಣಿಗಲ್. ಬೆಂಗಳೂರಿಗೆ ಇಷ್ಟು ಹತ್ತಿರವಿದ್ದೂ ಹಳ್ಳಿಯ ರೋಗಿಗೆ ದೊಡ್ಡಾಸ್ಪತ್ರೆ ಎಂಬುದು ದೂರದ ಮಾತು. ಹೋಗಿ ಬರುವುದೆಂದರೆ ಬಸ್ಸಿನ ದುಡ್ಡೂ ಹೋಯಿತು, ಒಂದು ದಿನದ ಕೂಲಿಯೂ ಹೋಯಿತು.

1960-61ರಲ್ಲಿ ಜಿಲ್ಲೆಯ 60ಕ್ಕೂ ಹೆಚ್ಚು ಹಳ್ಳಿಗಳನ್ನು, ಜೊತೆಗೆ ಪಟ್ಟಣಗಳ ಕೆಲವು ಭಾಗಗಳನ್ನು ಯಾದೃಚ್ಛಿಕವಾಗಿ, ಅಂದರೆ ಯಾರ ಇಷ್ಟಾನಿಷ್ಟಕ್ಕೂ ಅವಕಾಶವಿಲ್ಲದಂತೆ, ಆರಿಸಲಾಯಿತು. ಮನೆ ಮನೆಯ ಹೆಸರು ಬರೆದುಕೊಂಡು ಸುಮಾರು 30 ಸಾವಿರ ಜನರನ್ನು ಪರೀಕ್ಷಿಸಲಾಯಿತು. ತೋಳಿಗೆ ಟ್ಯೂಬರ್‌ಕ್ಯುಲಿನ್ ಚುಚ್ಚಿದರು, ವಾಹನದಲ್ಲಿ ತಂದ ಯಂತ್ರದಿಂದ ಎದೆಯ ಎಕ್ಸ್‌ರೇ ತೆಗೆದರು, ನೆರಳು ಕಂಡವರ ಕಫವನ್ನು ಪ್ರಯೋಗಾಲಯಕ್ಕೆ ಕಳಿಸಿದರು. ರಾಜ್ ನಾರಾಯಣ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಕಫದಲ್ಲಿ ರೋಗಾಣು ಇದ್ದವರು ಸಾವಿರಕ್ಕೆ ಸುಮಾರು ನಾಲ್ವರು. ಕ್ಷಯ ಪಟ್ಟಣದ, ಕಾರ್ಖಾನೆಯ ರೋಗ ಎಂಬ ನಂಬಿಕೆಯನ್ನು ಐವತ್ತರ ದಶಕದ ರಾಷ್ಟ್ರೀಯ ಸಮೀಕ್ಷೆಯೇ ಅಲುಗಾಡಿಸಿತ್ತು. ಹಳ್ಳಿಗಳೇ ಹೆಚ್ಚಿದ್ದ ತುಮಕೂರಿನ ಲೆಕ್ಕ ಅದನ್ನು ಮತ್ತಷ್ಟು ಗಟ್ಟಿಮಾಡಿತು.

ಇಷ್ಟಕ್ಕೇ ನಿಂತಿದ್ದರೆ ಇದು ಇನ್ನೊಂದು ಸಮೀಕ್ಷೆಯಾಗಿ ಕಪಾಟು ಸೇರುತ್ತಿತ್ತು. ಆದರೆ ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರಿಗೆ ಬೇರೊಂದು ಕುತೂಹಲವಿತ್ತು. ಎದೆಯಲ್ಲಿ ರೋಗ ಹೊತ್ತ ಈ ಹಳ್ಳಿಗರಿಗೆ ತಮಗೆ ಏನೋ ಆಗಿದೆ ಎಂಬುದು ತಿಳಿದಿದೆಯೇ?

ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಹಿಂದೆ ಕೋಟಿಗಟ್ಟಲೆ ರೂಪಾಯಿಯ ನಿರ್ಧಾರ ನೇತಾಡುತ್ತಿತ್ತು. ಹಳ್ಳಿಗರು ಅಜ್ಞಾನಿಗಳು, ಹಣೆಬರಹ ಎಂದು ಸುಮ್ಮನಿರುವವರು, ಅವರಾಗಿ ಆಸ್ಪತ್ರೆಗೆ ಬರುವವರಲ್ಲ ಎಂಬುದು ಅಂದಿನ ತಜ್ಞರ ಸಾಮಾನ್ಯ ಗ್ರಹಿಕೆ. ಅದು ನಿಜವಾಗಿದ್ದರೆ ಎಕ್ಸ್‌ರೇ ವಾಹನಗಳನ್ನು ಊರೂರಿಗೆ ಓಡಿಸಿ ರೋಗಿಗಳನ್ನು ಹುಡುಕಿ ತರದೆ ಗತ್ಯಂತರವಿರಲಿಲ್ಲ. ಶ್ರೀಮಂತ ದೇಶಗಳು ಮಾಡಿದ್ದೂ ಅದನ್ನೇ.

ಸಮೀಕ್ಷೆ ನಡೆದ ಹಳ್ಳಿಗಳಲ್ಲಿ ಅರ್ಧದಷ್ಟಕ್ಕೆ ಸಂದರ್ಶಕರು ಹೋದರು. ಎಕ್ಸ್‌ರೇಯಲ್ಲಿ ನೆರಳು ಕಂಡವರನ್ನು ಮಾತನಾಡಿಸಿದರು. ಹೋಲಿಕೆಗೆಂದು, ವಯಸ್ಸು ಮತ್ತು ಲಿಂಗದಲ್ಲಿ ಅವರಿಗೆ ಹೊಂದುವ, ನೆರಳು ಕಾಣದ ಜನರನ್ನೂ ಅದೇ ರೀತಿ ಮಾತನಾಡಿಸಿದರು. ಕೆಮ್ಮು, ಜ್ವರ, ಎದೆನೋವು, ಕಫದಲ್ಲಿ ರಕ್ತ ಇವುಗಳ ಬಗ್ಗೆ ವಿಚಾರಿಸಿದರು.

ಬಂದ ಉತ್ತರ ತಜ್ಞರನ್ನು ಬೆಚ್ಚಿಬೀಳಿಸುವಂತಿತ್ತು. ಕಫದಲ್ಲಿ ರೋಗಾಣು ಇದ್ದ ನೂರು ಮಂದಿಯಲ್ಲಿ 95 ಮಂದಿಗೆ ತಮ್ಮ ರೋಗಲಕ್ಷಣ ಗೊತ್ತಿತ್ತು. 72 ಮಂದಿ ಅದರ ಬಗ್ಗೆ ಚಿಂತೆಗೊಳಗಾಗಿದ್ದರು. 52 ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು ಜನ, ಆಗಲೇ ಆಧುನಿಕ ವೈದ್ಯದ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಹೆಚ್ಚಾಗಿ ಒಂದು ಬಾಟಲಿ ಕೆಮ್ಮಿನ ಮಿಕ್ಸ್‌ಚರ್. ಯಾರೂ ಅವರ ಕಫ ಪರೀಕ್ಷಿಸಿರಲಿಲ್ಲ.

ಅಜ್ಞಾನ ಎಲ್ಲಿತ್ತೆಂಬುದು ಇಲ್ಲಿಗೆ ತಿರುವುಮುರುವಾಯಿತು. ರೋಗಿ ಬಂದಿದ್ದ, ಆಸ್ಪತ್ರೆ ಅವನನ್ನು ಗುರುತಿಸಲಿಲ್ಲ. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾದ ಈ ಅಧ್ಯಯನವನ್ನು ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ತುಮಕೂರಿನವರಿಗೆ ಮಾತ್ರ ಅದರ ಸುದ್ದಿ ಅಷ್ಟಾಗಿ ತಿಳಿದಂತಿಲ್ಲ.

ಕಂಡದ್ದನ್ನು ಕಾರ್ಯಕ್ರಮವಾಗಿಸುವುದಕ್ಕೆ ತಡವಾಗಲಿಲ್ಲ. ನೆರೆಯ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ಪ್ರಯೋಗ ನಡೆದು, 1962ರಲ್ಲಿ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು. ಜಿಲ್ಲೆಗೊಂದು ಕ್ಷಯರೋಗ ಕೇಂದ್ರ; ತಾಲ್ಲೂಕು, ಹೋಬಳಿ ಮಟ್ಟದ ಆಸ್ಪತ್ರೆಗಳಲ್ಲಿ ಸೂಕ್ಷ್ಮದರ್ಶಕ; ಕೆಮ್ಮೆಂದು ಬಂದವರ ಕಫ ಅಲ್ಲೇ ಪರೀಕ್ಷೆ; ಔಷಧಿ ಪುಕ್ಕಟೆ, ಅದೂ ಮನೆಗೆ ಹತ್ತಿರ. ಪ್ರತ್ಯೇಕ ಆಸ್ಪತ್ರೆ, ಪ್ರತ್ಯೇಕ ಸಿಬ್ಬಂದಿ ಬೇಡ, ಇರುವ ಸರ್ಕಾರಿ ವ್ಯವಸ್ಥೆಯೊಳಗೇ ಇದೂ ನಡೆಯಲಿ ಎಂಬುದು ಯೋಜನೆ. ಗುಬ್ಬಿ, ಕುಣಿಗಲ್‌ನಂಥ ತಾಲ್ಲೂಕಿನ ಕೂಲಿಕಾರನ ಮಟ್ಟಿಗೆ ಇದರರ್ಥ ಒಂದೇ: ಸಂತೆಗೆ ಬಂದ ದಿನವೇ ಕಫ ಕೊಟ್ಟು ಹೋಗಬಹುದು, ಅದಕ್ಕೆಂದು ಬೆಂಗಳೂರಿಗೆ ಹೋಗಬೇಕಿಲ್ಲ.

ಬಡತನದ ಮಾತು ಬರುವುದೂ ಇಲ್ಲೇ. ಕ್ಷಯ ಹೆಚ್ಚಾಗಿ ಹಿಡಿಯುವುದು ದುಡಿಯುವ ವಯಸ್ಸಿನವರನ್ನು. ಆರು ತಿಂಗಳು ಮಲಗಿದರೆ ಮನೆಯ ದನ ಮಾರಾಟವಾಗುತ್ತದೆ, ಮಗುವಿನ ಶಾಲೆ ನಿಲ್ಲುತ್ತದೆ. ಚಿಕಿತ್ಸೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ನಮ್ಮ ಮಗ್ಗುಲಲ್ಲೇ ಇದೆ. ಅದೇ ಸಂಸ್ಥೆ 1961ರಿಂದ 1968ರವರೆಗೆ ನೆಲಮಂಗಲ, ದೇವನಹಳ್ಳಿ, ಚನ್ನಪಟ್ಟಣ ತಾಲ್ಲೂಕುಗಳ 119 ಹಳ್ಳಿಗಳನ್ನು ಮತ್ತೆ ಮತ್ತೆ ಪರೀಕ್ಷಿಸಿತು. ಮೊದಲ ಸುತ್ತಿನಲ್ಲಿ ಸಿಕ್ಕ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಐದು ವರ್ಷದಲ್ಲಿ ತೀರಿಕೊಂಡಿದ್ದರು. ಮೂರರಲ್ಲೊಂದು ಭಾಗ ತಾವಾಗಿ ಚೇತರಿಸಿಕೊಂಡಿದ್ದರು, ಉಳಿದವರು ಕೆಮ್ಮುತ್ತಲೇ ಇದ್ದರು. ಜಗತ್ತಿನ ಪಠ್ಯಪುಸ್ತಕಗಳು ಇಂದಿಗೂ ಬಳಸುವ ಈ ಅಂಕಿಗಳ ಹಿಂದೆ ಬೆಂಗಳೂರು ಸುತ್ತಿನ ರೈತಾಪಿ ಮನೆಗಳ ಸಾವುಗಳಿವೆ ಎಂಬುದನ್ನು ಮರೆತು ಅವನ್ನು ಓದುವುದು ಕಷ್ಟ.

ಪುರಾವೆ ಸರಿ, ಪಾಲನೆ?

ಕಾಗದದ ಮೇಲೆ ಇಷ್ಟು ಅಚ್ಚುಕಟ್ಟಾದ ಕಾರ್ಯಕ್ರಮ ನೆಲದ ಮೇಲೆ ಸೊರಗಿತು. ಅರವತ್ತರ ದಶಕದ ಕೊನೆಯಿಂದ ಆರೋಗ್ಯ ಇಲಾಖೆಯ ಸಿಬ್ಬಂದಿಯೆಲ್ಲ ಕುಟುಂಬ ಯೋಜನೆಯ ಗುರಿ ಮುಟ್ಟಿಸುವುದರಲ್ಲಿ ಮುಳುಗಿದ್ದರೆಂದು ಬ್ಯಾನರ್ಜಿಯವರೇ ಮುಂದೆ ಟೀಕಿಸಿದರು. ಅವರು ಅಷ್ಟರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಕೇಂದ್ರ ಕಟ್ಟಿದ್ದರು. 1992ರಲ್ಲಿ ಕೇಂದ್ರ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸ್ವೀಡನ್ನಿನ ನೆರವು ಸಂಸ್ಥೆ ಕೂಡಿ ಪರಾಮರ್ಶೆ ನಡೆಸಿದಾಗ ಕಂಡದ್ದು ಹಣದ ಕೊರತೆ, ಔಷಧಿಯ ಕೊರತೆ ಮತ್ತು ಕಫ ಪರೀಕ್ಷೆ ಬಿಟ್ಟು ಎಕ್ಸ್‌ರೇಗೆ ಜೋತುಬಿದ್ದ ವೈದ್ಯರು. ಚಿಕಿತ್ಸೆ ಆರಂಭಿಸಿದವರಲ್ಲಿ ಪೂರ್ತಿಗೊಳಿಸುತ್ತಿದ್ದವರು ಅರ್ಧಕ್ಕಿಂತ ಕಡಿಮೆ. 1993ರಲ್ಲಿ ಪ್ರಾಯೋಗಿಕವಾಗಿ, 1997ರಲ್ಲಿ ವ್ಯಾಪಕವಾಗಿ ಶುರುವಾದ ಪರಿಷ್ಕೃತ ಕಾರ್ಯಕ್ರಮ ಕಫ ಪರೀಕ್ಷೆಯನ್ನು ಮತ್ತೆ ಕೇಂದ್ರಕ್ಕೆ ತಂದಿತು. ಹೊಸದೆಂದು ಬಂದದ್ದರಲ್ಲಿ ಅರ್ಧದಷ್ಟು ಮೂವತ್ತು ವರ್ಷ ಹಿಂದೆಯೇ ತುಮಕೂರು ಹೇಳಿಕೊಟ್ಟದ್ದು.

ಬಡತನವನ್ನೇ ಎಣಿಸುವ ಪ್ರಯತ್ನವೂ ಈ ಜಿಲ್ಲೆಯನ್ನು ಮುಟ್ಟಿದೆ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಮಾನದಂಡಗಳಿಂದ ರಾಜ್ಯದ 175 ತಾಲ್ಲೂಕುಗಳನ್ನು ತೂಗಿ 114ನ್ನು ಹಿಂದುಳಿದವೆಂದು ಕರೆಯಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿ ಪಾವಗಡ, ಮಧುಗಿರಿ, ಶಿರಾಗಳ ಜೊತೆ ಗುಬ್ಬಿ ಮತ್ತು ಕುಣಿಗಲ್ ಸೇರಿದ್ದವು. ಎಂಟು ವರ್ಷಕ್ಕೆ 31 ಸಾವಿರ ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು. ಅದು ಜಾರಿಗೆ ಬಂದದ್ದು 2007-08ರಲ್ಲಿ. ಎಲ್ಲಿ ಹಣ ಬೇಕು ಎಂಬುದನ್ನು ಈ ಸೂಚ್ಯಂಕ ಚೆನ್ನಾಗಿ ಹೇಳಿತು. ಆ ಹಣದಿಂದ ಯಾವ ಕೆಲಸ ಮಾಡಿದರೆ ಫಲ ಸಿಗುತ್ತದೆ ಎಂಬುದು ಅದರ ಪ್ರಶ್ನೆಯಾಗಿರಲಿಲ್ಲ.

ಆ ಎರಡನೇ ಪ್ರಶ್ನೆಯನ್ನೇ ಹಿಡಿದು ಹೊರಟವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಬಂತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಮಾಡಿದ್ದು ಮದರಾಸಿನ ಚೀಟಿ ಎತ್ತುವ ವಿಧಾನವನ್ನು ಶಾಲೆ, ಸಾಲ, ಲಸಿಕೆಗಳಂಥ ಬಡತನ ನಿವಾರಣೆಯ ಕೆಲಸಗಳಿಗೆ ಅನ್ವಯಿಸಿದ್ದು. (ಈ ಬ್ಯಾನರ್ಜಿ ಬೇರೆ, ತುಮಕೂರಿನ ಬ್ಯಾನರ್ಜಿ ಬೇರೆ.)

ಅದೇ ವಿಧಾನ ಕ್ಷಯಕ್ಕೂ ಮರಳಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ದಂಪತಿಯ ನೇತೃತ್ವದಲ್ಲಿ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಕುಟುಂಬಗಳ ಮೇಲೆ ಅಧ್ಯಯನ ನಡೆಯಿತು. ಎಲ್ಲ ರೋಗಿಗಳಿಗೂ ಆಹಾರ ಕೊಟ್ಟರು; ಆದರೆ ಮನೆಮಂದಿಗೂ ಅಕ್ಕಿ, ಬೇಳೆ ಸಿಕ್ಕಿದ್ದು ಒಂದು ಪಂಗಡಕ್ಕೆ ಮಾತ್ರ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಔಷಧಿ ಇದ್ದರೆ ಊಟ ಮುಖ್ಯವಲ್ಲ ಎಂಬ ಅರ್ಥವನ್ನು ಮದರಾಸಿನ ಪ್ರಯೋಗದಿಂದ ಹಲವರು ಹೊರಡಿಸಿದ್ದರು. ಆ ಪ್ರಯೋಗ ಅಷ್ಟು ಹೇಳಿರಲಿಲ್ಲ. ರೋಗಿಗಳ ಪೋಷಣೆಗೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದ ಕೇಂದ್ರ ಸರ್ಕಾರ 2024ರ ನವೆಂಬರ್‌ನಿಂದ ಅದನ್ನು 1,000 ರೂಪಾಯಿಗೆ ಏರಿಸಿತು.

ಇನ್ನೊಂದು ತಿರುವೂ ಇದೆ. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕೆಮ್ಮು ಮುಂತಾದ ಲಕ್ಷಣವಿದ್ದವರಲ್ಲಿ ಶೇ 64ರಷ್ಟು ಮಂದಿ ಎಲ್ಲಿಯೂ ಚಿಕಿತ್ಸೆಗೆ ಹೋಗಿರಲಿಲ್ಲ. ತುಮಕೂರಿನ ಶೇ 52 ರೋಗ ಖಚಿತವಾದವರ ಲೆಕ್ಕ, ಇದು ಲಕ್ಷಣವಿದ್ದ ಎಲ್ಲರ ಲೆಕ್ಕ. ಎರಡನ್ನೂ ನೇರವಾಗಿ ಎದುರುಬದುರು ಇಡಲಾಗದು. ಆದರೆ ಅದೇ ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿ ಸಿಕ್ಕಿದ್ದು ಎಕ್ಸ್‌ರೇ ತೆಗೆದದ್ದರಿಂದ ಮಾತ್ರ. ಲಕ್ಷಣ ಕೇಳಿ ಕಫ ನೋಡುವುದಷ್ಟೇ ಸಾಕೆಂದಿದ್ದರೆ ಅವರು ತಪ್ಪಿಹೋಗುತ್ತಿದ್ದರು. ಹಾಗೆಂದು 1963ರ ಅಧ್ಯಯನ ಸುಳ್ಳಾಗುವುದಿಲ್ಲ. ಅಂದು ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿದ್ದವರನ್ನು ಮೊದಲು ನೋಡಿ ಎಂದು ಅದು ಹೇಳಿತ್ತು. ಇಂದು ಉಳಿದಿರುವವರು ಬಾಗಿಲಿಗೆ ಬಾರದವರು.

2024ರ ಡಿಸೆಂಬರ್ 7ರಂದು ದೇಶದ 347 ಜಿಲ್ಲೆಗಳಲ್ಲಿ ನೂರು ದಿನಗಳ ಕ್ಷಯ ಪತ್ತೆ ಅಭಿಯಾನ ಆರಂಭವಾಯಿತು. ಲಕ್ಷಣವಿರಲಿ ಇಲ್ಲದಿರಲಿ, ಅಪಾಯದ ಅಂಚಿನಲ್ಲಿರುವವರನ್ನು ಹುಡುಕಲು ಆರೋಗ್ಯ ಸಿಬ್ಬಂದಿ ಹಳ್ಳಿಗಳಿಗೆ ಒಯ್ದದ್ದು ಕೈಯಲ್ಲಿ ಹಿಡಿಯಬಹುದಾದ ಎಕ್ಸ್‌ರೇ ಯಂತ್ರ. 1960ರಲ್ಲಿ ತುಮಕೂರಿನ ಹಳ್ಳಿಗಳಿಗೆ ಅದನ್ನು ಸಾಗಿಸಲು ಒಂದು ವಾಹನವೇ ಬೇಕಾಗಿತ್ತು.