ಸೀಮಂತವಿಲ್ಲದ ಬಸಿರು: ವಾಳಪೈ ಸೀಮೆಯಲ್ಲಿ ಎರಡನೇ ಗರ್ಭದ ಚರಿತ್ರೆ

ಚೊಚ್ಚಲ ಬಸಿರಿಗೆ ಸಿಗುವ ಸಂಭ್ರಮ ಎರಡನೆಯದಕ್ಕೆ ಸಿಗುವುದು ಅಪರೂಪ. ಗೋವೆಯ ಸತ್ತರಿ ತಾಲೂಕಿನ ಕೇಂದ್ರವಾದ ವಾಳಪೈಯಲ್ಲೂ, ಚೋರ್ಲಾ ಘಟ್ಟ ಹತ್ತಿದರೆ ಸಿಗುವ ಖಾನಾಪುರ, ಬೆಳಗಾವಿ ಕಡೆಯಲ್ಲೂ ಈ ಮಾತು ಒಂದೇ. ಮರಾಠಿ ಮನೆಗಳಲ್ಲಿ ಮೂರನೇ ತಿಂಗಳಿಗೆ ಯಾರಿಗೂ ಹೇಳದೆ ಉಡಿ ತುಂಬುವ ‘ಚೋರ್ ಓಟಿ’ ಇದೆ. ಆಮೇಲೆ ಊರಿಗೆಲ್ಲ ತಿಳಿಯುವಂತೆ ಬಯಕೆಯ ಊಟ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಸಿರು ಸೀರೆ, ಹಸಿರು ಬಳೆ, ಕುಬಸ. ಮೊದಲ ಆಚರಣೆ ಗುಟ್ಟಾಗಿ ನಡೆಯುವುದಕ್ಕೆ ಕಾರಣವಿದೆ: ಗರ್ಭ ಇಳಿದುಹೋಗುವ ಪ್ರಸಂಗಗಳಲ್ಲಿ ಹೆಚ್ಚಿನವು ಮೊದಲ ಹನ್ನೆರಡು ವಾರಗಳಲ್ಲೇ ಆಗುತ್ತವೆ. ವಾರದ ಲೆಕ್ಕ ಗೊತ್ತಿಲ್ಲದ ಕಾಲದಲ್ಲೂ ಹೆಂಗಸರಿಗೆ ಆ ಗಡಿ ಗೊತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ. ಎರಡನೆಯದು ಅನೇಕ ಮನೆತನಗಳಲ್ಲಿ ಅತ್ತೆಮನೆಯಲ್ಲೇ, ಬಸುರಿಯ ಕೈಗೆ ಎಂದಿನ ಕೆಲಸ ಇರುವಾಗಲೇ.

ಮೊದಲನೆಯದಕ್ಕೆ ಮಾತ್ರ ಎಂಬ ಈ ಕಟ್ಟಳೆಯ ಮೇಲೆ ಶಾಸ್ತ್ರಕಾರರಲ್ಲೇ ಒಮ್ಮತ ಇರಲಿಲ್ಲ. ಸೀಮಂತೋನ್ನಯನವನ್ನು ಆಪಸ್ತಂಬ ಗೃಹ್ಯಸೂತ್ರ ಮೊದಲ ಗರ್ಭದ ನಾಲ್ಕನೇ ತಿಂಗಳಿಗೆ ವಿಧಿಸಿದರೆ, ಪಾರಸ್ಕರ ಗೃಹ್ಯಸೂತ್ರ ಮೊದಲ ಗರ್ಭದ ಆರನೇ ಅಥವಾ ಎಂಟನೇ ತಿಂಗಳನ್ನು ಹೇಳುತ್ತದೆ. ಎರಡೂ ಮೊದಲ ಗರ್ಭವನ್ನೇ ಹೇಳಿದರೂ, ಸಂಸ್ಕಾರ ಆಗುವುದು ಹೆಣ್ಣಿಗೋ, ಗರ್ಭಕ್ಕೋ ಎಂಬುದು ನಂತರದ ನಿಬಂಧಕಾರರ ಜಗಳ. ಹೆಣ್ಣಿಗೆ ಎಂದಾದರೆ ಒಮ್ಮೆ ಮಾಡಿದರೆ ಸಾಕು. ಗರ್ಭಕ್ಕೆ ಎಂದಾದರೆ ಪ್ರತಿ ಬಸಿರಿಗೂ ಮಾಡಬೇಕು. ಬಳಕೆಯಲ್ಲಿ ಗೆದ್ದದ್ದು ಮೊದಲ ಪಕ್ಷ. ಖರ್ಚಿನ ಲೆಕ್ಕವೂ ಅದರ ಕಡೆಗೇ ವಾಲಿರಬೇಕು.

ಸತ್ತರಿಯಲ್ಲಿ ಈ ಆಚರಣೆಗಳು ಉಳಿದುಕೊಂಡದ್ದಕ್ಕೆ ರಾಜಕೀಯ ಕಾರಣವೂ ಇದೆ. ಕರಾವಳಿಯ ಹಳೆಯ ಪೋರ್ಚುಗೀಸ್ ನೆಲದಲ್ಲಿ 1736ರ ಇನ್ಕ್ವಿಸಿಷನ್ ಆಜ್ಞೆ ಮದುವೆ, ಹೆರಿಗೆಗೆ ಸಂಬಂಧಿಸಿದ ಅನೇಕ ಹಿಂದೂ ಪದ್ಧತಿಗಳನ್ನು ಮತಾಂತರಗೊಂಡವರಿಗೆ ನಿಷೇಧಿಸಿತ್ತು. ಸತ್ತರಿ ಪೋರ್ಚುಗೀಸರ ಕೈಗೆ ಬಂದದ್ದು ‘ಹೊಸ ಗೆಲುವು’ಗಳ ಭಾಗವಾಗಿ, ಹದಿನೆಂಟನೇ ಶತಮಾನದಲ್ಲಿ. ಅಷ್ಟರಲ್ಲಿ ಆ ಬಿಗಿ ಸಡಿಲಿತ್ತು. ಸ್ಥಳೀಯ ರಾಣೆ ಮನೆತನದವರ ದಂಗೆಗಳು ಮತ್ತೆಮತ್ತೆ ಎದ್ದ ಈ ಕಾಡುಸೀಮೆಯಲ್ಲಿ ಜನರ ಮನೆಯೊಳಗಿನ ರೂಢಿಗೆ ಕೈಹಾಕುವ ಧೈರ್ಯವನ್ನು ಸರಕಾರವೂ ಮಾಡಲಿಲ್ಲ. ವಾಳಪೈ ಪಕ್ಕದ ನಾಣೂಸ್ ಕೋಟೆಯನ್ನು ದೀಪಾಜಿ ರಾಣೆ ಹಿಡಿದದ್ದು 1852ರಲ್ಲಿ; ಹೊಸ ಪ್ರಾಂತ್ಯಗಳ ಹಿಂದೂಗಳ ರೂಢಿಗಳನ್ನು ಮಾನ್ಯ ಮಾಡುವ ಸಂಹಿತೆ ಹೊರಟದ್ದು ಮರುವರ್ಷ, 1853ರಲ್ಲಿ. ಗೋವೆಯ ಹಿಂದೂಗಳ ರೂಢಿಗಳ ಕುರಿತ 1880ರ ಡಿಕ್ರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೆಂಡತಿಗೆ 25 ವರ್ಷವಾದರೂ ಮಕ್ಕಳೇ ಆಗದಿದ್ದರೆ, 30 ಆದರೂ ಗಂಡುಮಗು ಇಲ್ಲದಿದ್ದರೆ, ಆಕೆಯ ಒಪ್ಪಿಗೆಯ ಮೇಲೆ ಗಂಡ ಇನ್ನೊಬ್ಬಳನ್ನು ಮದುವೆಯಾಗಬಹುದು ಎಂದಿತು. ಒಪ್ಪಿಗೆ ಎಂಬ ಮಾತಿಗೆ ಆ ಮನೆಗಳಲ್ಲಿ ಎಷ್ಟು ಬೆಲೆ ಇತ್ತು ಎಂಬುದನ್ನು ಊಹಿಸಬಹುದು. ಮೊದಲನೆಯದು ಹೆಣ್ಣಾದವಳಿಗೆ ಎರಡನೇ ಬಸಿರು ಹೀಗೆ ಕಾನೂನಿನ ಗಡುವಿನ ಕೆಳಗೆ ಬಂತು.

ಮುಟ್ಟು ನಿಲ್ಲುವುದೇ ಬಸಿರಿನ ಮೊದಲ ಸುಳಿವು. ಎರಡನೇ ಸಲ ಅದೇ ಕೈಕೊಡುತ್ತದೆ. ಮೊದಲ ಮಗುವಿಗೆ ಮೊಲೆಯೂಡಿಸುತ್ತಿರುವ ತಾಯಿಗೆ ತಿಂಗಳುಗಟ್ಟಲೆ ಮುಟ್ಟು ಬರದಿರುವುದು ಸಹಜ. ಆದರೆ ಮುಟ್ಟು ಮರಳುವುದಕ್ಕೆ ಮುಂಚೆಯೇ ಅಂಡ ಬಿಡುಗಡೆಯಾಗಬಹುದು. ಹಾಗಾದಾಗ ಒಂದೂ ಮುಟ್ಟು ಕಾಣದೆಯೇ ಬಸಿರು ನಿಲ್ಲುತ್ತದೆ. ಬರೀ ಎದೆಹಾಲನ್ನೇ ಕುಡಿಸುತ್ತಿದ್ದು, ಮುಟ್ಟು ಬಾರದೆ, ಮಗುವಿಗೆ ಆರು ತಿಂಗಳು ತುಂಬದಿದ್ದರೆ ಶೇ. 98ರಷ್ಟು ರಕ್ಷಣೆ ಉಂಟೆಂದು ತಜ್ಞರು ಇಟಲಿಯ ಬೆಲಾಜಿಯೋದಲ್ಲಿ 1988ರಲ್ಲಿ ಒಪ್ಪಿದರು. ಈ ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕ ತಪ್ಪುತ್ತದೆ. ಎಳೆಗೂಸಿಗೆ ಗಂಜಿಯ ತಿಳಿ, ನಾಚಣಿ ಅಂಬಲಿ ಶುರುವಾದ ಮನೆಯಲ್ಲಿ ಅದು ಬೇಗ ತಪ್ಪುತ್ತಿತ್ತು.

ಹಾಗಾಗಿ ಕಣ್ಣು ದೇಹದ ಬೇರೆ ಗುರುತುಗಳ ಕಡೆಗೆ ಹೊರಳಬೇಕಾಯಿತು. ಗರ್ಭ ಕಟ್ಟಿದ ಕೆಲವೇ ದಿನಗಳಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ಒಸರತೊಡಗಿ ಸುಮಾರು ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಪ್ರೊಜೆಸ್ಟರಾನ್ ಏರಿ ಕರುಳಿನ ಚಲನೆ ನಿಧಾನವಾಗುತ್ತದೆ. ಹೊಟ್ಟೆ ಉಬ್ಬರಿಸುತ್ತದೆ, ಮಲ ಕಟ್ಟುತ್ತದೆ, ಕೂತಲ್ಲೇ ತೂಕಡಿಕೆ. ಆರನೇ ವಾರದ ಹೊತ್ತಿಗೆ ವಾಕರಿಕೆ ಹಣಿಕಿ, ಒಂಬತ್ತರ ಆಸುಪಾಸು ಜೋರಾಗಿ, ನಾಲ್ಕನೇ ತಿಂಗಳಿಗೆ ಹೆಚ್ಚಿನವರಲ್ಲಿ ತಗ್ಗುತ್ತದೆ. ಇವು ಎರಡೂ ಬಸಿರಿಗೆ ಸಮಾನ.

ವ್ಯತ್ಯಾಸ ಇರುವುದು ಮೊದಲ ಹೆರಿಗೆ ಬಿಟ್ಟುಹೋದ ಗುರುತುಗಳಲ್ಲಿ. ಹೊಟ್ಟೆಯ ಸ್ನಾಯುಗಳು ಒಮ್ಮೆ ಹಿಗ್ಗಿ ಸಡಿಲವಾಗಿರುವುದರಿಂದ ಎರಡನೇ ಸಲ ಹೊಟ್ಟೆ ಬೇಗ ಕಾಣುತ್ತದೆ. ಎರಡನೇ ತಿಂಗಳಲ್ಲೇ ಸೀರೆಯ ನೆರಿಗೆ ಬಿಗಿಯಾಯಿತೆನ್ನುವವರಿಗೆ ಅದು ಕೂಸಿನ ಗಾತ್ರವಲ್ಲ. ಹನ್ನೆರಡನೇ ವಾರದವರೆಗೂ ಗರ್ಭಕೋಶ ಕಿಬ್ಬೊಟ್ಟೆಯ ಎಲುಬಿನ ಮರೆಯಲ್ಲೇ ಇರುತ್ತದೆ. ಉಬ್ಬರವೂ ಸಡಿಲ ಸ್ನಾಯುವೂ ಸೇರಿ ಹಾಗೆ ಕಾಣಿಸುತ್ತವೆ. ಸೊಂಟ, ಕಿಬ್ಬೊಟ್ಟೆಯ ಕೀಲುಗಳ ನೋವು ಮೊದಲಿಗಿಂತ ಮುಂಚೆ ಶುರುವಾಗಬಹುದು. ಎದೆ ಬಿಗಿಯುವ ನೋವು ಹಲವರಿಗೆ ಕಡಿಮೆ. ಕೂಸು ಮಿಸುಕಾಡುವುದು ಚೊಚ್ಚಲಿನಲ್ಲಿ 18ರಿಂದ 20ನೇ ವಾರಕ್ಕೆ ತಿಳಿದರೆ, ಎರಡನೆಯದರಲ್ಲಿ 16ರಿಂದ 18ಕ್ಕೇ ತಿಳಿಯುತ್ತದೆ. ಕೂಸು ಬೇಗ ಮಿಸುಕಿತೆಂದಲ್ಲ, ಆ ಮಿಸುಕಾಟ ಯಾವುದೆಂದು ತಾಯಿಗೆ ಈಗ ಗೊತ್ತು.

ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ದಣಿವು, ಬಾಯಾರಿಕೆ, ತೊಡೆಯ ಸೋಲು, ಮೊಲೆತೊಟ್ಟು ಕಪ್ಪಾಗುವುದು ಮೊದಲಾದ ಗುರುತುಗಳಿವೆ. 1837ರಲ್ಲಿ ಡಬ್ಲಿನ್ನಿನ ವೈದ್ಯ ಮಾಂಟ್ಗೊಮರಿ ಮೊಲೆತೊಟ್ಟಿನ ಸುತ್ತಲ ಸಣ್ಣ ಗುಳ್ಳೆಗಳನ್ನು ವಿವರಿಸಿದ. ಎರಡಕ್ಕೂ ಒಂದೇ ಮಿತಿ: ಒಮ್ಮೆ ಹೆತ್ತು ಹಾಲೂಡಿದವಳಲ್ಲಿ ಕಪ್ಪು ಪೂರ್ತಿ ಮಾಸಿರುವುದಿಲ್ಲ, ಆದ್ದರಿಂದ ಮೊಲೆಯ ಗುರುತು ಎರಡನೇ ಸಲ ಅಷ್ಟಾಗಿ ನಂಬಿಕೆಗೆ ಅರ್ಹವಲ್ಲ. ಕೊಂಕಣಿಯಲ್ಲಿ ವೈಜಿಣ್, ಕನ್ನಡದಲ್ಲಿ ಸೂಲಗಿತ್ತಿ ಎನ್ನಿಸಿಕೊಳ್ಳುವ ಹೆಂಗಸಿಗೆ ಇಲ್ಲಿ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿಯೊಂದು ಎದುರಿಗೇ ಇರುತ್ತಿತ್ತು: ಸೊಂಟದ ಮೇಲಿನ ಮೊದಲ ಮಗು. ಅದು ಮೊಲೆ ಕಚ್ಚಿ ಬಿಡುತ್ತದೆ, ರಚ್ಚೆ ಹಿಡಿಯುತ್ತದೆ, ಅಂಬಲಿಗೆ ಕೈಚಾಚುತ್ತದೆ. ಬಸಿರು ನಿಂತ ಮೇಲೆ ಹಾರ್ಮೋನುಗಳ ಏರಿಳಿತಕ್ಕೆ ಹಾಲು ಕಡಿಮೆಯಾಗಿ ರುಚಿಯೂ ಬದಲಾಗುವುದುಂಟು.

ಆಯುರ್ವೇದ ಈ ಮಗುವಿನ ಸ್ಥಿತಿಯನ್ನು ಪಾರಿಗರ್ಭಿಕ ಎಂಬ ಬೇನೆಯಾಗಿಯೇ ಗುರುತಿಸಿತ್ತು. ಬಸುರಿ ತಾಯಿಯ ಹಾಲು ಕುಡಿದ ಕೂಸಿಗೆ ಕೆಮ್ಮು, ಅಗ್ನಿಮಾಂದ್ಯ, ವಾಂತಿ, ತೂಕಡಿಕೆ. ಮೈ ಸೊರಗಿ ಹೊಟ್ಟೆ ಮಾತ್ರ ದಪ್ಪ. ವಾಗ್ಭಟನೂ ಮಾಧವನಿದಾನವೂ ಇದನ್ನು ಹೇಳುತ್ತವೆ. 1930ರ ದಶಕದಲ್ಲಿ ಈಗಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಮೈ ಊದಿ ಸೊರಗುವ ಕಾಯಿಲೆಗೆ ಅಲ್ಲಿಯ ತಾಯಂದಿರು ಹೇಳುತ್ತಿದ್ದ ಕ್ವಾಷಿಯೋರ್ಕರ್ ಎಂಬ ಹೆಸರನ್ನೇ ವೈದ್ಯಲೋಕಕ್ಕೆ ಕೊಟ್ಟಳು. ತಮ್ಮನೋ ತಂಗಿಯೋ ಹುಟ್ಟಿ ಮೊಲೆಯಿಂದ ದೂರವಾದ ಮಗುವಿಗೆ ಬರುವ ರೋಗ ಅದು. ಆಯುರ್ವೇದ ದೋಷವನ್ನು ಹಾಲಿನ ಮೇಲೆ ಹಾಕಿತು, ವಿಲಿಯಮ್ಸ್ ಹಾಲು ತಪ್ಪಿದ ಮೇಲಿನ ಆಹಾರದ ಕೊರತೆಯ ಮೇಲೆ. ಸರಿಯಾದದ್ದು ಎರಡನೆಯದೇ. ಬಸುರಿಯ ಹಾಲಿನಲ್ಲಿ ವಿಷವೇನಿಲ್ಲ. ಅವಳೂ ಮಗುವೂ ಹೊಟ್ಟೆತುಂಬ ಉಂಡರೆ, ಗರ್ಭಕ್ಕೆ ಬೇರೆ ತೊಂದರೆ ಇಲ್ಲದಿದ್ದರೆ, ಮೊಲೆ ಬಿಡಿಸಲೇಬೇಕೆಂದಿಲ್ಲ. ಹೆರಿಗೆಯಾಗಿ ಇನ್ನೊಂದು ಬಸಿರಿಗೆ ಕನಿಷ್ಠ 24 ತಿಂಗಳ ಅಂತರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರ ಹಿಂದೆ ತಾಯಿಯ ರಕ್ತದ ಜೊತೆಗೆ ಈ ಮೊದಲ ಮಗುವಿನ ಚಿಂತೆಯೂ ಇದೆ.

ಎರಡನೇ ಬಸಿರಿನ ಇನ್ನೊಂದು ಬದಲಾವಣೆ ಯಾವ ಸೂಲಗಿತ್ತಿಯ ಕಣ್ಣಿಗೂ ಬೀಳುವಂಥದ್ದಲ್ಲ. ಮೊದಲ ಮಗು ಚೆನ್ನಾಗಿ ಹುಟ್ಟಿ ಎರಡನೆಯದು ಹಳದಿಯಾಗಿ ಸತ್ತರೆ ಹಿಂದೆ ದೃಷ್ಟಿ, ಶಾಪ, ಗ್ರಹ ಎನ್ನುತ್ತಿದ್ದರು. ತಾಯಿಯದು ಆರ್‌ಎಚ್ ನೆಗೆಟಿವ್, ಮಗುವಿನದು ಪಾಸಿಟಿವ್ ರಕ್ತವಾದರೆ ಮೊದಲ ಹೆರಿಗೆಯಲ್ಲಿ ಬೆರೆತ ರಕ್ತಕ್ಕೆ ತಾಯಿಯ ಮೈ ಪ್ರತಿಕಾಯ ತಯಾರಿಸಿ ಇಟ್ಟುಕೊಳ್ಳುತ್ತದೆ. ಮುಂದಿನ ಗರ್ಭದ ಮೇಲೆ ಅದು ಎರಗುತ್ತದೆ. ಇದರ ಗುಟ್ಟು ಬಯಲಾದದ್ದು 1939–40ರಲ್ಲಿ. ತಡೆಯುವ ಆಂಟಿ-ಡಿ ಚುಚ್ಚುಮದ್ದು ಬಳಕೆಗೆ ಬಂದದ್ದು 1968ರಲ್ಲಿ. ಹೀಗಾಗಿ ಎರಡನೇ ಗರ್ಭದ ರಕ್ಷಣೆ ಮೊದಲ ಹೆರಿಗೆಯ ಹಾಸಿಗೆಯಲ್ಲೇ ನಡೆಯಬೇಕಾದ ಕೆಲಸ.

ಗೋವೆಯಲ್ಲಿ ವೈದ್ಯಶಾಲೆ 1842ರಷ್ಟು ಹಿಂದಿನದು. ಆದರೆ ಅದು ಪಣಜಿಯಲ್ಲಿತ್ತು. ಸತ್ತರಿಯ ಬಸುರಿಗೆ ಪಣಜಿ ಬಹು ದೂರ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರು ಹೋದ ಮೇಲೆಯೇ ಆರೋಗ್ಯ ಕೇಂದ್ರ, ಉಪಕೇಂದ್ರ, ಮನೆಮನೆಗೆ ಹೋಗುವ ದಾದಿಯರ ಜಾಲ ಹಳ್ಳಿಗಳವರೆಗೆ ಹಬ್ಬಿತು. ಗಡಿಯಾಚೆ ಖಾನಾಪುರದಲ್ಲಿ ಬಸಿರಿನ ಸುದ್ದಿ ಮೊದಲು ಮುಟ್ಟುವುದು ಆಶಾ ಕಾರ್ಯಕರ್ತೆಗೆ. ಗೋವೆ ಆ ಯೋಜನೆಯನ್ನು ಜಾರಿ ಮಾಡಲಿಲ್ಲ, ಇಲ್ಲಿ ಎಎನ್‌ಎಂ ದಾದಿ ಮತ್ತು ಅಂಗನವಾಡಿಯವರದೇ ಓಡಾಟ. ಮೂತ್ರದ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದರೆ ಊಹೆಯ ಕಾಲ ಮುಗಿಯಿತು. ತಾಯಿ ಕಾರ್ಡಿನಲ್ಲಿ ‘ಜಿ2 ಪಿ1 ಎಲ್1’ ಎಂದು ಬರೆಯುತ್ತಾರೆ: ಎರಡನೇ ಗರ್ಭ, ಒಂದು ಹೆರಿಗೆ, ಬದುಕಿರುವ ಮಗು ಒಂದು. ಮೊದಲ ಬಸಿರಿನಲ್ಲಿ ಧನುರ್ವಾಯುವಿನ ಎರಡು ಚುಚ್ಚುಮದ್ದು ಆಗಿ ಮೂರು ವರ್ಷದೊಳಗೆ ಮತ್ತೆ ಬಸಿರಾದರೆ ಒಂದೇ ಬೂಸ್ಟರ್ ಸಾಕು. ಆರಂಭದ ತಿಂಗಳುಗಳಿಗೆ ಫೋಲಿಕ್ ಆಮ್ಲ, ನಾಲ್ಕನೇ ತಿಂಗಳಿಂದ ಕಬ್ಬಿಣದ ಮಾತ್ರೆ.

ಅಷ್ಟರಲ್ಲಿ ಎರಡನೇ ಬಸಿರೇ ವಿರಳವಾಗತೊಡಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗೋವೆಯ ಒಟ್ಟು ಫಲವತ್ತತೆಯ ದರ 1.3, ಕರ್ನಾಟಕದ್ದು 1.7. ಕೇಂದ್ರ ಸರಕಾರದ ಮಾತೃವಂದನಾ ಯೋಜನೆ 2017ರಲ್ಲಿ ಬಂದಾಗ 5,000 ರೂಪಾಯಿ ಸಿಗುತ್ತಿದ್ದದ್ದು ಮೊದಲ ಮಗುವಿಗೆ ಮಾತ್ರ. ಸೀಮಂತದ ಕಟ್ಟಳೆಯನ್ನೇ ಖಜಾನೆಯೂ ಪಾಲಿಸಿದಂತಿತ್ತು. 2022ರಲ್ಲಿ ತಿದ್ದುಪಡಿಯಾಗಿ ಎರಡನೆಯದಕ್ಕೂ 6,000 ರೂಪಾಯಿ ಗೊತ್ತಾಯಿತು, ಹುಟ್ಟುವುದು ಹೆಣ್ಣಾದರೆ. ಗಂಡುಮಗುವಿಗಾಗಿ ಮೂವತ್ತರ ಗಡುವು ಕೊಟ್ಟಿದ್ದ 1880ರ ಡಿಕ್ರಿಗೆ ಇದು ನೇರ ವಿರುದ್ಧ ದಿಕ್ಕಿನ ನಿಯಮ. ಹಣ ಕೈಸೇರುವುದು ಮಾತ್ರ ಹೆರಿಗೆಯಾಗಿ ಮಗುವಿನ ಜನನ ನೋಂದಣಿ, ಮೊದಲ ಸುತ್ತಿನ ಲಸಿಕೆಗಳು ಮುಗಿದ ಮೇಲೆ.